ಸೇಬಿಗೆ ಒಲಿದ ಡ್ರ್ಯಾಗನ್ ಪಟ್ಟ

ಬೆನ್ನಿಗೆ ರೆಕ್ಕೆಯಿದೆ, ಬಾಲದ ತುದಿಯಲ್ಲಿ ಉರಿಯುವ ಜ್ವಾಲೆಯಿದೆ, ಬಾಯಿ ತೆರೆದರೆ ಬೆಂಕಿ ಬರುತ್ತದೆ, ತೂಕ 90.5 ಕಿಲೋ. ಇಷ್ಟಿದ್ದೂ ಪೋಕೆಮಾನ್ ಎಂಬ ವಿಡಿಯೊ ಆಟಗಳ ಲೋಕದ ಚಾರಿಜಾರ್ಡ್ ಡ್ರ್ಯಾಗನ್ ಅಲ್ಲ. 1996ರಲ್ಲಿ ಜಪಾನಿನಲ್ಲಿ ಮೊದಲ ಆಟಗಳು ಹೊರಬಂದ ದಿನದಿಂದಲೂ ಅದರ ಟೈಪ್, ಅಂದರೆ ಕಾಳಗದಲ್ಲಿ ಬಲ-ದೌರ್ಬಲ್ಯಗಳನ್ನು ನಿರ್ಧರಿಸುವ ಜಾತಿ, ‘ಬೆಂಕಿ’ ಮತ್ತು ‘ಹಾರಾಟ’ ಮಾತ್ರ. ಆದರೆ 2019ರಲ್ಲಿ ಬಂದ ಆಪ್ಲಿನ್‌ನನ್ನು ನೋಡಿ: ಸೇಬಿನೊಳಗೆ ಮನೆ ಮಾಡಿಕೊಂಡಿರುವ ಹುಳುವಿನಂಥ ಜೀವಿ, ಗೇಣುದ್ದ, ಅರ್ಧ ಕಿಲೋ ತೂಕ. ಅದು ಹುಟ್ಟುತ್ತಲೇ ‘ಹುಲ್ಲು’ ಮತ್ತು ‘ಡ್ರ್ಯಾಗನ್’.

ಈ ಅನ್ಯಾಯದ ವಿಚಾರಣೆ ಅಭಿಮಾನಿಗಳ ನ್ಯಾಯಪೀಠದಲ್ಲಿ ಇನ್ನೂ ಮುಗಿದಿಲ್ಲ. ಆಟದ ಪರದೆಯ ಮೇಲೆ ಎರಡು ಪದಗಳಲ್ಲಿ ಬರೆದಿರುವ ಉತ್ತರವನ್ನು ಯಾವ ಪಕ್ಷವೂ ಉತ್ತರವೆಂದು ಒಪ್ಪುವುದಿಲ್ಲ. ಶಬ್ದಪ್ರಮಾಣವನ್ನು ನಂಬುವವರು, ಜಪಾನಿ ಭಾಷೆಯಲ್ಲಿ ಚಾರಿಜಾರ್ಡ್‌ನ ಹೆಸರೇ ಲಿಜಾರ್ಡೊನ್ ಆಗಿರುವಾಗ ಹಲ್ಲಿಯನ್ನು ಹಲ್ಲಿಯೆನ್ನಲು ಸಂಕೋಚವೇಕೆ ಎಂದು ಕೇಳುತ್ತಾರೆ. ವಂಶಶಾಸ್ತ್ರಜ್ಞರು ಮೊಟ್ಟೆಯ ದಾಖಲೆಯನ್ನೇ ಹಾಜರುಪಡಿಸುತ್ತಾರೆ. ಏಕೆಂದರೆ ಮರಿ ಮಾಡುವ ಲೆಕ್ಕದಲ್ಲಿ ಚಾರಿಜಾರ್ಡ್ ಡ್ರ್ಯಾಗನ್ ಗುಂಪಿನ ಸದಸ್ಯನೇ ಹೌದು. ಸಂಬಂಧ ಬೆಳೆಸಲು ನೆಂಟ, ಆಸ್ತಿಯಲ್ಲಿ ಪಾಲು ಕೇಳಿದರೆ ಪರಕೀಯ. ಇನ್ನು ಲಾನ್ಸ್ ಎಂಬ ಪಾತ್ರವನ್ನು ಸಾಕ್ಷಿಗೆ ಕರೆದರೆ ಮೊಕದ್ದಮೆ ಮತ್ತಷ್ಟು ಗೋಜಲಾಗುತ್ತದೆ. ಡ್ರ್ಯಾಗನ್ ವಿದ್ಯೆಯ ಪರಮಾಚಾರ್ಯನೆಂದು ಹೆಸರಾದ ಈತನ ಮೊದಲ ತಂಡದಲ್ಲೇ ಡ್ರ್ಯಾಗನ್ ಅಲ್ಲದ ಗ್ಯಾರಡೋಸ್ ಮತ್ತು ಏರೋಡ್ಯಾಕ್ಟಿಲ್ ಇದ್ದವು. ಮುಂದಿನ ಆಟಗಳಲ್ಲಿ ಚಾರಿಜಾರ್ಡ್ ಕೂಡ ಸೇರಿಕೊಂಡಿತು. ಆಚಾರ್ಯರಿಗೇ ಇಲ್ಲದ ಮಡಿ ಶಿಷ್ಯರಿಗೆ ಮಾತ್ರ ಬೇಕು.

ಹಾಗೆಂದು ಇದು ಬರೀ ಹೆಸರಿನ ಜಗಳವೆಂದು ತಳ್ಳಿಹಾಕುವಂತಿಲ್ಲ. ಎದುರಾಳಿ ಮೊದಲೇ ಗಾಳಿಯಲ್ಲಿ ತೇಲಿಬಿಟ್ಟ ಚೂಪುಗಲ್ಲುಗಳ ನಡುವೆ ಪೂರ್ಣ ಆರೋಗ್ಯದ ಚಾರಿಜಾರ್ಡ್ ಕಣಕ್ಕಿಳಿದರೆ, ಅದು ಬಾಯಿ ತೆರೆಯುವ ಮೊದಲೇ ಅರ್ಧ ಪ್ರಾಣ ಹೋಗಿರುತ್ತದೆ. ಕಲ್ಲಿನ ಏಟು ಬೆಂಕಿಗೆ ಎರಡು ಪಟ್ಟು, ಹಾರಾಟಕ್ಕೆ ಮತ್ತೆರಡು ಪಟ್ಟು, ಒಟ್ಟು ನಾಲ್ಕು ಪಟ್ಟು. ನೆಚ್ಚಿನ ಜೀವಿ ಬೆಣಚುಕಲ್ಲಿಗೆ ಕುಸಿಯುವುದನ್ನು ಕಣ್ಣಾರೆ ಕಂಡ ಹುಡುಗ ಮುಂದೆ ವರ್ಗೀಕರಣಶಾಸ್ತ್ರಜ್ಞನಾಗದೆ ಇನ್ನೇನಾಗುತ್ತಾನೆ?

2013ರಲ್ಲಿ ತಯಾರಕರು ರಾಜಿ ಮಾಡಿಸಲು ನೋಡಿದರು. ವಿಶೇಷ ಶಿಲೆಯೊಂದನ್ನು ಹಿಡಿದರೆ ಚಾರಿಜಾರ್ಡ್ ಕಪ್ಪು ಬಣ್ಣಕ್ಕೆ ತಿರುಗಿ, ನೀಲಿ ಜ್ವಾಲೆಯುಗುಳುತ್ತ, ಕಾಳಗ ಮುಗಿಯುವವರೆಗೆ ಅಧಿಕೃತ ಡ್ರ್ಯಾಗನ್ ಆಗುತ್ತದೆ. ಆದರೆ ಆ ಪದವಿಗಾಗಿ ಅದು ‘ಹಾರಾಟ’ ಟೈಪನ್ನು ಬಿಟ್ಟುಕೊಡಬೇಕಾಯಿತು, ರೆಕ್ಕೆಗಳು ಮಾತ್ರ ಬೆನ್ನ ಮೇಲೆ ಹಾಗೆಯೇ ಉಳಿದವು. ಅದೇ ವರ್ಷ ‘ಫೇರಿ’ ಎಂಬ ಹೊಸ ಟೈಪ್ ಬಂದು, ಹದಿನೇಳು ವರ್ಷ ‘ಸಾಮಾನ್ಯ’ ಟೈಪಿನದಾಗಿದ್ದ ಕ್ಲೆಫೇರಿ ಎಂಬ ಪೋಕೆಮಾನ್ ರಾತ್ರೋರಾತ್ರಿ ಕಿನ್ನರಿಯಾಯಿತು. ಅದಕ್ಕೆ ಕೊಟ್ಟ ನ್ಯಾಯ ಇದಕ್ಕೇಕಿಲ್ಲ ಎಂಬ ಮೇಲ್ಮನವಿ ಅಂದೇ ದಾಖಲಾಯಿತು.

ಇರುವ ಟೈಪುಗಳು ಜಗಳಕ್ಕೆ ಸಾಲದೆ ಬಂದಾಗ ಅಭಿಮಾನಿಗಳು ತಾವೇ ವರ್ಗಗಳನ್ನು ಹುಟ್ಟುಹಾಕುತ್ತಾರೆ. ‘ಸ್ಯೂಡೋ-ಲೆಜೆಂಡರಿ’ ಎಂಬ ಅರೆ-ಐತಿಹ್ಯದ ಪಂಗಡ ಹಾಗೆ ಹುಟ್ಟಿದ್ದು: ಮೂರು ಹಂತಗಳಲ್ಲಿ ಬೆಳೆದಿರಬೇಕು, ಸಾಮರ್ಥ್ಯದ ಅಂಕಗಳ ಮೊತ್ತ ಸರಿಯಾಗಿ 600 ಇರಬೇಕು. ಈ ಗೇಟಿನ ಮುಂದೆ ಸ್ಲೇಕಿಂಗ್ ಎಂಬ ದೈತ್ಯ ಸೋಮಾರಿ ಒರಗಿಕೊಂಡಿದೆ. ಮೂರನೆಯ ಹಂತವೂ ಹೌದು, ಅಂಕ 670. ಭೂಮಿಯನ್ನೇ ವಿಸ್ತರಿಸಿದನೆಂಬ ನಿಜವಾದ ಐತಿಹ್ಯದ ಪೋಕೆಮಾನ್ ಗ್ರೌಡಾನ್‌ಗೂ ಮೂಲದಲ್ಲಿ ಅಷ್ಟೇ. ಎಪ್ಪತ್ತು ಅಂಕ ಹೆಚ್ಚಾಯಿತೆಂಬ ಕಾರಣಕ್ಕೆ ಅಭ್ಯರ್ಥಿಯನ್ನು ಅನುತ್ತೀರ್ಣಗೊಳಿಸಿದ ಪರೀಕ್ಷಾ ಮಂಡಳಿ ಇದೊಂದೇ ಇರಬೇಕು. ಒಂದು ಸರದಿ ಬಿಟ್ಟು ಒಂದು ಸರದಿಯಷ್ಟೇ ಕೈಯೆತ್ತುವ ಸ್ವಭಾವದ ಈ ಪ್ರಾಣಿ ಯಾವ ಪದವಿಗೂ ಅರ್ಜಿ ಹಾಕಿದ್ದಿಲ್ಲ. ಅದರ ಪರವಾಗಿ ಒಂದಿಡೀ ರಾತ್ರಿ ನಿದ್ದೆಗೆಟ್ಟು ವಾದಿಸಿದವನು ನಾನು. ಎದುರು ಪಕ್ಷದವರು ನಿಯಮದ ‘ಸರಿಯಾಗಿ 600’ ಎಂಬ ಮಾತಿನಲ್ಲಿ ‘ಸರಿಯಾಗಿ’ ಪದದ ಅರ್ಥ ನಿರ್ಣಯಿಸಲು ಕಾಲಾವಕಾಶ ಕೇಳಿದ್ದಾರೆ, ನಾನೂ ಆಕ್ಷೇಪಿಸಿಲ್ಲ.