ಅಟ್ಟೆ ಮಲ್ಲಿಗೆಯನ್ನು ಅಟ್ಟ ಕಥೆ

ಮಲ್ಲಿಗೆಯನ್ನು ಹಬೆಯಲ್ಲಿ ಬೇಯಿಸಿದರೆ ಏನಾಗುತ್ತದೆ ಎಂಬುದು ಉಡುಪಿಯಲ್ಲಿ ಬಹುಶಃ ನನಗೊಬ್ಬನಿಗೇ ಗೊತ್ತು. ಮೊದಲ ಐದು ನಿಮಿಷ ಮನೆಯೆಲ್ಲ ಮದುವೆ ಮಂಟಪ. ಹತ್ತನೆಯ ನಿಮಿಷಕ್ಕೆ ಆ ಪರಿಮಳದ ಅಡಿಯಿಂದ ಬೇರೇನೋ ಮೆಲ್ಲಗೆ ತಲೆ ಎತ್ತುತ್ತದೆ. ಹದಿನೈದನೆಯ ನಿಮಿಷಕ್ಕೆ ಅದು ಶುದ್ಧ ಹರಿವೆ ಸೊಪ್ಪು.

ಅಂದು ನಾಗರಪಂಚಮಿ. ಹೊರಗೆ ಜಡಿಮಳೆ. ಹೆಂಡತಿ ಬಚ್ಚಲಿನಿಂದಲೇ ಕೂಗಿದಳು: ‘ಇವರೇ, ಫ್ರಿಜ್ಜಿನಲ್ಲಿ ಬಾಳೆಲೆಯ ಕಟ್ಟು ಉಂಟು, ಇಡ್ಲಿ ಪಾತ್ರೆಯಲ್ಲಿಟ್ಟು ಒಲೆ ಹಚ್ಚಿ.’ ಆಜ್ಞೆಯಲ್ಲಿ ದೋಷವಿರಲಿಲ್ಲ. ಫ್ರಿಜ್ಜಿನಲ್ಲಿ ಬಾಳೆಲೆಯ ಕಟ್ಟು ಎರಡಿದ್ದವು ಅಷ್ಟೆ. ಒಂದರೊಳಗೆ ಮರಕೆಸುವಿನ ಪತ್ರೊಡೆ. ರಾತ್ರಿಯೇ ಎಲೆಗೆ ಹಿಟ್ಟು ಹಚ್ಚಿ ಸುತ್ತಿಟ್ಟದ್ದು. ಇನ್ನೊಂದರೊಳಗೆ, ತವರುಮನೆಯ ನಾಗಬನದ ತಂಬಿಲಕ್ಕೆಂದು, ಅಂದರೆ ನಾಗನ ಪೂಜೆಗೆಂದು, ಹಿಂದಿನ ದಿನ ನಾನೇ ತಂದಿದ್ದ ಒಂದು ಅಟ್ಟೆ ಶಂಕರಪುರ ಮಲ್ಲಿಗೆ. ನನ್ನ ಕನ್ನಡಕ ಎಲ್ಲಿತ್ತೋ ನಾಗನಿಗೇ ಗೊತ್ತು. ಅದಿಲ್ಲದಿದ್ದರೆ, ಮೈನಸ್ ಐದೂವರೆಯ ನನ್ನ ಕಣ್ಣಿಗೆ ಜಗತ್ತಿನ ಬಾಳೆಲೆ ಕಟ್ಟುಗಳೆಲ್ಲ ಒಂದೇ. ‘ತೂಕ ನೋಡಿದರೆ ತಿಳಿಯುತ್ತಿರಲಿಲ್ಲವಾ?’ ಎಂದು ಆಮೇಲೆ ಕೇಳಿದಳು. ಬೆಳಗ್ಗೆ ಐದೂವರೆಗೆ ಪತ್ರೊಡೆ ತೂಗಿ ನೋಡುವವರು ಯಾರಿದ್ದಾರೆ?

ಹೊರಗಿನವರಿಗೆ ಅಟ್ಟೆಯ ಲೆಕ್ಕ ಹೇಳಬೇಕು, ಇಲ್ಲದಿದ್ದರೆ ನನ್ನ ಪಾಪದ ಅಳತೆ ಸಿಗುವುದಿಲ್ಲ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ 3,200 ಮೊಗ್ಗುಗಳನ್ನು ಯಾರೋ ಒಬ್ಬಳು ಬೆಳಕು ಹರಿಯುತ್ತಲೇ ಕೊಯ್ದು, ಮನೆಯ ಚಾವಡಿಯಲ್ಲಿ ಕುಳಿತು, ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿರುತ್ತಾಳೆ. ದರ ದಿನಕ್ಕೊಂದು. ಆಟಿ ತಿಂಗಳ ಮಳೆಗೆ ಗಿಡಗಳು ಮುನಿಸಿಕೊಂಡರೆ ಅದು ಎಲ್ಲಿಗೆ ಏರುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ. ಅಮ್ಮನಿಗೆ ಅರ್ಧ ದರವನ್ನಷ್ಟೇ ಹೇಳಿದ್ದೇನೆ, ಅವರ ಕೈಗೆ ಈ ಬರಹ ಸಿಕ್ಕರೆ ಕಷ್ಟ.

ಮುಚ್ಚಳ ತೆಗೆದದ್ದು ಹೆಂಡತಿ. ಹೂವುಗಳೆಲ್ಲ ಕಂದು ಬಣ್ಣದ ಮುದ್ದೆಯಾಗಿದ್ದವು. ನಾರು ಮಾತ್ರ ಗಂಟು ಬಿಡದೆ ಗಟ್ಟಿಯಾಗಿತ್ತು. ಹೂವಿನೊಂದಿಗೆ ನಾರೂ ಸ್ವರ್ಗಕ್ಕೆ ಹೋಯಿತು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಹೂವು ಹೋಯಿತು, ನಾರು ಉಳಿಯಿತು. ಸದ್ದು ಕೇಳಿ ಬಂದ ಅಮ್ಮ ಇಡ್ಲಿ ಪಾತ್ರೆಗೆ ಮುಖ ತಾಗುವಷ್ಟು ಬಗ್ಗಿ, ಮೂಸಿ, ‘ಪತ್ರೊಡೆಗೆ ಏಲಕ್ಕಿ ಹಾಕಿದ್ದಾ?’ ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಆಗಲೇ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು. ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಅಡು ಎಂದರೆ ಬೇಯಿಸು, ಅದರ ಭೂತಕಾಲ ‘ಅಟ್ಟ’ ಎಂದು ಶಾಲೆಯಲ್ಲಿ ಕನ್ನಡ ಪಂಡಿತರು ಬೆತ್ತ ಹಿಡಿದು ಕಲಿಸಿದ್ದರು. ಅಟ್ಟೆ ಮಲ್ಲಿಗೆಯನ್ನು ಅಟ್ಟವನು ನಾನು. ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯ ಮುಂದಿನ ಅರ್ಧವನ್ನು ಹೆಂಡತಿ ಹೇಳಿ ಮುಗಿಸಿದಳು. ನಾಗನಿಗೆ ಆ ವರ್ಷ ಹಾಲು, ಸೀಯಾಳ, ಅಡಿಕೆಯ ಹಿಂಗಾರ ಇಷ್ಟೇ ಸಂದಿತು. ಅವನು ಬೇಸರ ಮಾಡಿಕೊಂಡಂತಿಲ್ಲ. ಹೆಂಡತಿಯ ಬಗ್ಗೆ ಆ ಮಾತು ಹೇಳಲಾರೆ.

ನನ್ನ ಜೀವನದ ಮುಖ್ಯ ಘಟನೆಗಳೆಲ್ಲ ಕನ್ನಡಕ ಇಲ್ಲದಿದ್ದಾಗ, ಅಥವಾ ಇದ್ದೂ ಪ್ರಯೋಜನವಿಲ್ಲದಾಗ ನಡೆದಿವೆ. ಕರಾವಳಿಯಲ್ಲಿ ಕನ್ನಡಕದವನ ಪಾಡು ಘಟ್ಟದ ಮೇಲಿನವರಿಗೆ ಅರ್ಥವಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಗಾಜಿನ ಹೊರಮೈಗೆ ಮಳೆ, ಒಳಮೈಗೆ ಬೆವರಿನ ಆವಿ. ಒರೆಸಲು ಒಣಗಿದ ಬಟ್ಟೆಯೊಂದು ಮೈಮೇಲೆ ಇರಬೇಕಲ್ಲ.

ಉಡುಪಿಯ ಸಿಟಿ ಬಸ್ ನಿಲ್ದಾಣದಲ್ಲಿ ಒಂದು ತೊಡಕಿದೆ. ಮಣಿಪಾಲ, ಮಲ್ಪೆ ಎರಡೂ ‘ಮ’. ಮಳೆನೀರು ಇಳಿಯುವ ಕನ್ನಡಕದಲ್ಲಿ ಬಸ್ಸಿನ ಬೋರ್ಡಿನ ಮೊದಲ ಅಕ್ಷರ ಕಂಡರೆ ನನ್ನ ಪಾಲಿಗೆ ಅದೇ ಹೆಚ್ಚು. ನನ್ನ ಕಚೇರಿ ಇರುವುದು ಮೂಡಣದ ಮಣಿಪಾಲದಲ್ಲಿ. ಒಂದು ಜೂನ್ ಬೆಳಗ್ಗೆ ‘ಮ’ ನೋಡಿ ಹತ್ತಿದೆ, ಕಿಟಕಿಯ ಟರ್ಪಾಲು ಇಳಿಸಿದ್ದರು, ಹದವಾದ ಕತ್ತಲು, ನಿದ್ದೆ ಬಂತು. ಎಚ್ಚರವಾದಾಗ ಎದುರಿಗೆ ಅರಬ್ಬಿ ಸಮುದ್ರ. ಮಣಿಪಾಲದ ಗುಡ್ಡದ ಮೇಲೆ ಸಮುದ್ರವಿಲ್ಲ ಎಂಬಷ್ಟು ಭೂಗೋಳ ನನಗೂ ಗೊತ್ತು.

ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರೀಕೃತ ದೋಣಿಗಳಿಗೆ ರಜೆ. ಮಲ್ಪೆ ಬಂದರಿನಲ್ಲಿ ದೋಣಿಗಳೆಲ್ಲ ಮೈಗೆ ಮೈ ತಾಗಿಸಿಕೊಂಡು ಮಳೆಯಲ್ಲಿ ತೊನೆಯುತ್ತಿದ್ದವು. ಹದಿಮೂರನೆಯ ಶತಮಾನದಲ್ಲಿ ಆಚಾರ್ಯ ಮಧ್ವರು ಇದೇ ಕಡಲ ಕರೆಯಲ್ಲಿ ನಿಂತು, ಬಿರುಗಾಳಿಗೆ ಸಿಕ್ಕಿದ ಹಡಗನ್ನು ದಡ ಸೇರಿಸಿ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗಿಂದ ಕೃಷ್ಣನನ್ನು ಪಡೆದರು ಎಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತಿರುವ ಕಥೆ. ನನಗೆ ಸಿಕ್ಕಿದ್ದು ಒಣಮೀನಿನ ವಾಸನೆ ಮತ್ತು ಅದೇ ಬಸ್ಸು, ಅದೇ ಕಂಡಕ್ಟರ್. ‘ಸಮುದ್ರ ನೋಡಿ ಆಯಿತಾ ಮಾರಾಯ್ರೇ?’ ಎಂದು ಕೇಳಿ, ಇನ್ನೊಂದು ಟಿಕೆಟು ಹರಿದರು.

ಇನ್ನು ಉಪವಾಸದ ವಿಷಯ. ನಮ್ಮಲ್ಲಿ ಕೃಷ್ಣಾಷ್ಟಮಿ ಸೌರಮಾನದ ಲೆಕ್ಕ, ಸಿಂಹಮಾಸದ್ದು. ಉಳಿದವರ ಚಾಂದ್ರಮಾನದ ಅಷ್ಟಮಿ ಕೆಲವು ವರ್ಷ ತಿಂಗಳು ಮೊದಲೇ ಬಂದು ಹೋಗಿರುತ್ತದೆ. 2025ರಲ್ಲಿ ಹಾಗೆಯೇ ಆಯಿತು: ಅವರದ್ದು ಆಗಸ್ಟ್ ನಡುವಿನಲ್ಲಿ, ಉಡುಪಿಯದ್ದು ಸೆಪ್ಟೆಂಬರ್ 14ಕ್ಕೆ. ಗೋಡೆಯ ಕ್ಯಾಲೆಂಡರಿನಲ್ಲಿ ಆಗಸ್ಟಿನ ಚೌಕದೊಳಗೆ ಅಷ್ಟಮಿ ಎಂದು ಕಂಡಿತು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಚಾಂದ್ರ’ ಎಂದೂ ಇತ್ತಂತೆ. ಯಾರಿಗೂ ಹೇಳದೆ, ಭಕ್ತಿಯನ್ನು ಪ್ರದರ್ಶನಕ್ಕೆ ಇಡಬಾರದೆಂದು, ಮೌನವಾಗಿ ಉಪವಾಸ ಹಿಡಿದೆ.

ಮಧ್ಯಾಹ್ನ ಮನೆಯವರೆಲ್ಲ ಕುಚ್ಚಲಕ್ಕಿ ಅನ್ನ, ಗುಳ್ಳದ ಹುಳಿ ಬಡಿಸಿಕೊಂಡು ಉಂಡರು. ಕಾಲ ಕೆಟ್ಟಿತು, ಅಷ್ಟಮಿಯ ದಿನವೂ ಊಟ ಎಂದು ಮನಸ್ಸಿನಲ್ಲೇ ಮರುಗಿದೆ. ಸಂಜೆ ನಾಲ್ಕಕ್ಕೆ ಗೋಳಿಬಜೆ. ಇದು ನನ್ನ ದೌರ್ಬಲ್ಯ. ಹುಳಿ ಮಜ್ಜಿಗೆಯಲ್ಲಿ ನೆನೆದ ಮೈದಾ, ಶುಂಠಿ, ಕರಿಬೇವು, ಹಸಿಮೆಣಸು, ನಡುನಡುವೆ ಹಲ್ಲಿಗೆ ಸಿಗುವ ತೆಂಗಿನ ಚೂರು. ಎಣ್ಣೆಗೆ ಬಿದ್ದ ಹಿಟ್ಟು ತಾನಾಗಿಯೇ ಮಗುಚಿಕೊಳ್ಳುವುದನ್ನು ನೋಡುತ್ತಾ ನಿಂತರೆ ನನಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಅಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಬಾರಿ ಎಂಜಲು ನುಂಗಿ, ಕೃಷ್ಣಾ ಎಂದು ಹೊರಗೆ ಹೋದೆ. ರಾತ್ರಿ ಹನ್ನೆರಡು ಕಳೆದ ಮೇಲೆ, ಅರ್ಘ್ಯ ಬಿಡಲು ತಂಬಿಗೆ ಹುಡುಕುತ್ತಿದ್ದಾಗ ಅಮ್ಮ ಎದ್ದು ಬಂದರು.

‘ಇದು ಯಾವ ವ್ರತ ಮಗ?’

‘ಅಷ್ಟಮಿ.’

‘ನಮ್ಮದು ಬರುವ ತಿಂಗಳಲ್ಲವಾ?’

‘ಬೆಳಗ್ಗೆಯೇ ಹೇಳಬಾರದಿತ್ತಾ?’

‘ಏನೋ ಹರಕೆ ಇರಬೇಕು ಎಂದುಕೊಂಡೆ. ಮಲ್ಲಿಗೆ ಬೇಯಿಸಿದ್ದಕ್ಕೆ.’

ಸೆಪ್ಟೆಂಬರ್ 14ಕ್ಕೆ ಮತ್ತೊಮ್ಮೆ ಉಪವಾಸ ಮಾಡಿದೆ. ಮರುದಿನ ವಿಟ್ಲಪಿಂಡಿ. ರಥಬೀದಿಯಲ್ಲಿ ಗೊಲ್ಲರು ಮೊಸರು ಕುಡಿಕೆ ಒಡೆಯುವಾಗ ನನ್ನ ಕನ್ನಡಕದ ಎರಡೂ ಗಾಜಿಗೆ ಓಕುಳಿ ಬಿದ್ದು, ಹುಲಿವೇಷಗಳೆಲ್ಲ ಕೆಂಪಾಗಿ ಕಂಡವು. ಅದನ್ನು ಅವಘಡ ಎನ್ನಲಾಗದು. ಅದಕ್ಕೆಂದೇ ಹೋಗುವುದು.

ನಿಜವಾದ ಅವಘಡ ನಡೆದದ್ದು ನವರಾತ್ರಿಯಲ್ಲಿ. ಶನಿವಾರ ಸಂಜೆ ಅಮ್ಮನನ್ನು ಕೃಷ್ಣಮಠಕ್ಕೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಗಂಡಸರು ಅಂಗಿ, ಬನಿಯನು ಕಳಚಿ ಒಳಗೆ ಹೋಗಬೇಕು. ನಾನು ಟೀ ಶರ್ಟಿನವನು. ಸರದಿ ಮುಂದೆ ಸರಿಯುತ್ತಿರುವಾಗ ಅವಸರದಲ್ಲಿ ಅದನ್ನು ತಲೆಯ ಮೇಲಿಂದ ಎಳೆದರೆ ಕನ್ನಡಕವೂ ಅದರೊಂದಿಗೆ ಎದ್ದು ಬರುತ್ತದೆ. ಮಡಿಕೆಯಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ, ಹುಡುಕಲು ಹಿಂದಿನವರು ಬಿಡುವುದಿಲ್ಲ, ಬಟ್ಟೆಯ ಉಂಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಗೆಯೇ ಮುಂದಕ್ಕೆ. ಅಲ್ಲಿ ದೇವರನ್ನು ನೋಡುವುದು ಬೆಳ್ಳಿಯ ಕಟ್ಟಿನ ಒಂಬತ್ತು ರಂಧ್ರಗಳ ಕಿಂಡಿಯಿಂದ. ಕಣ್ಣು ಸರಿ ಇರುವವರಿಗೆ ಅದರಾಚೆ ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ಹಗ್ಗ ಹಿಡಿದ ಬಾಲಕೃಷ್ಣ. ನನಗೆ ಒಂಬತ್ತು ರಂಧ್ರದಲ್ಲೂ ಬೆಳಕಿನ ಒಂದೊಂದು ಲಾಡು. ಕೈ ಮುಗಿದು ಆ ಲಾಡುಗಳಿಗೇ ಮಕ್ಕಳ ಪರೀಕ್ಷೆ, ಮನೆಸಾಲ, ಹೆಂಡತಿಯ ಮಂಡಿನೋವು ಎಲ್ಲವನ್ನೂ ಒಪ್ಪಿಸಿ ಬರುತ್ತಿದ್ದೆ.

ಅಮ್ಮ ಮಾತ್ರ ಕಿಂಡಿಯ ಮುಂದೆ ಸಾವಕಾಶ. ತುಟಿ ಅಲುಗುತ್ತಿರುತ್ತದೆ, ಹಿಂದಿನವರು ಕೆಮ್ಮಿದರೂ ಲೆಕ್ಕವಿಲ್ಲ. ಹೊರಗೆ ಬಂದ ಕೂಡಲೇ ಒಂದೇ ಪ್ರಶ್ನೆ: ‘ಇವತ್ತು ಎಂತ ಅಲಂಕಾರ?’ ನನ್ನ ಭಕ್ತಿಯನ್ನು ಪರೀಕ್ಷಿಸುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಉತ್ತರವೂ ಸಿದ್ಧವಿತ್ತು. ‘ಕಡೆಗೋಲು ಕೃಷ್ಣ.’ ಅಮ್ಮ ತಲೆದೂಗಿ, ‘ಹೌದು, ಚಂದ ಇತ್ತು’ ಎನ್ನುತ್ತಿದ್ದರು. ಮೂರು ವರ್ಷ ನಿರ್ವಿಘ್ನವಾಗಿ ಸಾಗಿತು.

ನವರಾತ್ರಿಯ ಆ ಶನಿವಾರವೂ ಹಾಗೆಯೇ ಹೇಳಿದೆ. ಅಮ್ಮ ಕನಕನ ಕಿಂಡಿಯ ಎದುರು ಗಕ್ಕನೆ ನಿಂತರು.

‘ನವರಾತ್ರಿಯಲ್ಲಿ ಕಡೆಗೋಲಾ?’

ನವರಾತ್ರಿಯಲ್ಲಿ ಕೃಷ್ಣನಿಗೆ ಸ್ತ್ರೀರೂಪದ ಅಲಂಕಾರ. ಸೀರೆ ಉಟ್ಟು, ಮೂಗುತಿ ಇಟ್ಟು ಕುಳಿತವನ ಕೈಗೆ ನಾನು ಕಡೆಗೋಲು ಕೊಟ್ಟಿದ್ದೆ. ಪಕ್ಕದಲ್ಲಿ ಬತ್ತಿ ಕೊಳ್ಳುತ್ತಿದ್ದ ಹೆಂಗಸೊಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು. ಇನ್ನು ದಾರಿಯಿರಲಿಲ್ಲ. ಟೀ ಶರ್ಟು, ಕಂಕುಳು, ಲಾಡು ಎಲ್ಲವನ್ನೂ ಬಾಯಿಬಿಟ್ಟೆ. ಮಠದ ಎದುರು ನಿಂತು ಇಷ್ಟು ವರ್ಷ ಸುಳ್ಳು ಹೇಳಿದ ಮಗ. ಬೈಗುಳಕ್ಕೆ ಕಾದೆ.

ಅಮ್ಮ ಮಾತಾಡಲಿಲ್ಲ. ಚಂದ್ರಮೌಳೇಶ್ವರನಿಗೆ ಕೈ ಮುಗಿದರು, ಅನಂತೇಶ್ವರನಿಗೂ ಮುಗಿದರು. ರಥಬೀದಿ ಮುಗಿಯುವ ಹೊತ್ತಿಗೆ ನನ್ನ ತೋಳು ಹಿಡಿದುಕೊಂಡು ಮೆಲ್ಲಗೆ ಹೇಳಿದರು: ‘ನನಗೂ ಕಾಣುವುದಿಲ್ಲ ಮಾರಾಯ.’

‘ಎಷ್ಟು ಸಮಯದಿಂದ?’

‘ಮೂರು ವರ್ಷ ಆಯಿತು. ನಿನ್ನಲ್ಲಿ ಕೇಳಿ ತಿಳಿದುಕೊಳ್ಳುತ್ತಿದ್ದೆ. ಆಚೆ ಮನೆಯವರಿಗೂ ಅದನ್ನೇ ಹೇಳುತ್ತಿದ್ದೆ.’

ಆಚೆ ಮನೆಯವರು ಅಂದರೆ ಹೊರಗೆ ಓಡಾಡಲಾಗದ ಅಜ್ಜಿ. ಅವರ ಬಾಯಿಂದ ನಮ್ಮ ಇಡೀ ಓಣಿಗೆ ಸುದ್ದಿ. ಅಷ್ಟಮಠಗಳ ಸ್ವಾಮಿಗಳು ಎರಡು ವರ್ಷಕ್ಕೊಮ್ಮೆ ಪರ್ಯಾಯ, ಅಂದರೆ ಕೃಷ್ಣಪೂಜೆಯ ಸರದಿ, ಬದಲಿಸುತ್ತಾರೆ, ಅಲಂಕಾರವಂತೂ ದಿನವೂ ಬದಲಾಗುತ್ತದೆ. ನಮ್ಮ ಓಣಿಯ ಕೃಷ್ಣ ಮಾತ್ರ ಮೂರು ವರ್ಷ ಬಟ್ಟೆ ಬದಲಿಸದೆ ಮೊಸರು ಕಡೆಯುತ್ತಲೇ ಇದ್ದ.

ಇಡ್ಲಿ ಪಾತ್ರೆಗೆ ಮುಖ ತಾಗಿಸಿ ಏಲಕ್ಕಿ ಕೇಳಿದ್ದು ನನಗೆ ಆಗ ನೆನಪಾಯಿತು. ಮರುವಾರವೇ ಕಣ್ಣಿನ ಡಾಕ್ಟರ ಬಳಿ ಹೋದೆವು. ಎರಡೂ ಕಣ್ಣಿನಲ್ಲಿ ಪೊರೆ, ಬಲಗಣ್ಣಿನದು ಚೆನ್ನಾಗಿ ಬಲಿತಿತ್ತು. ‘ಇಷ್ಟು ದಿನ ಹೇಗೆ ಸುಧಾರಿಸಿದಿರಿ?’ ಎಂದು ಡಾಕ್ಟರು ಕೇಳಿದರೆ ಅಮ್ಮ ನನ್ನನ್ನು ತೋರಿಸಿ, ‘ಇವನ ಕಣ್ಣಿನಲ್ಲಿ’ ಎಂದರು. ಡಾಕ್ಟರು ನನ್ನ ಕನ್ನಡಕದ ದಪ್ಪವನ್ನೊಮ್ಮೆ ನೋಡಿ ಸುಮ್ಮನಾದರು.

ಶಸ್ತ್ರಚಿಕಿತ್ಸೆಯಾಗಿ ತಿಂಗಳು ಕಳೆದ ಮೇಲೆ ಮಠಕ್ಕೆ ಹೊರಟೆವು. ಈ ಬಾರಿ ನಾನು ಗುಂಡಿಯಿರುವ ಅಂಗಿ ತೊಟ್ಟಿದ್ದೆ, ಕನ್ನಡಕಕ್ಕೆ ಹಿಂದಿನಿಂದ ದಾರವನ್ನೂ ಕಟ್ಟಿಕೊಂಡಿದ್ದೆ. ಅಂಗಿ ಬಿಚ್ಚಿದಾಗ ಕನ್ನಡಕ ಅಲುಗಲಿಲ್ಲ. ಗೆದ್ದೆ ಎಂದುಕೊಂಡೆ. ಜನಜಂಗುಳಿಯ ಸೆಕೆ, ದೀಪಗಳ ಶಾಖ, ಬರಿಮೈಗಳ ಬೆವರು. ಕಿಂಡಿಯ ಹತ್ತಿರ ಬರುವಷ್ಟರಲ್ಲಿ ಎರಡೂ ಗಾಜಿಗೆ ಆವಿ ಕಟ್ಟಿತು. ಒರೆಸಲು ಮೈಮೇಲೆ ಬಟ್ಟೆಯಿಲ್ಲ, ಉಟ್ಟ ಪಂಚೆಯ ತುದಿ ಎತ್ತುವ ಜಾಗವೂ ಅದಲ್ಲ. ಮತ್ತೆ ಅವೇ ಒಂಬತ್ತು ಲಾಡು. ಇರಲಿ, ಅಮ್ಮನಿಗೆ ಕಾಣುತ್ತದಲ್ಲ ಎಂದು ಸಮಾಧಾನದಿಂದ ತಿರುಗಿದೆ. ಆಸ್ಪತ್ರೆಯವರು ಕೊಟ್ಟ ದೊಡ್ಡ ಕರಿ ಕನ್ನಡಕವನ್ನು ಹಾಕಿಕೊಂಡೇ ಅಮ್ಮ ಕಿಂಡಿಯ ಮುಂದೆ ನಿಂತಿದ್ದರು. ಕೈ ಮುಗಿದಿತ್ತು, ತುಟಿ ಅಲುಗುತ್ತಿತ್ತು.

ಹೊರಗೆ ಬಂದೆವು. ಈ ಬಾರಿ ಕೇಳಿದ್ದು ನಾನು.

‘ಇವತ್ತು ಎಂತ ಅಲಂಕಾರ ಅಮ್ಮ?’

‘ಅಲಂಕಾರ ಗೊತ್ತಾಗಲಿಲ್ಲ. ಈ ಕನ್ನಡಕದಲ್ಲಿ ಎಲ್ಲ ಕಪ್ಪಾಗಿಯೇ ಕಾಣುತ್ತದೆ’ ಎಂದು ಅಮ್ಮ ಅದನ್ನು ಮೂಗಿನ ಮೇಲೆ ಸರಿಪಡಿಸಿಕೊಂಡರು. ‘ಅವನು ಹೇಗೂ ಕಪ್ಪಲ್ಲವಾ, ಸರಿಯಾಗಿಯೇ ಕಂಡ.’