ಸೀನಿಯರ್ ಅಕ್ಕನ ಹಳೇ ಪುಸ್ತಕದಲ್ಲಿ ನರ್ಸಿಂಗ್ ಓದಬಹುದಾ?

ಪರ

ನಮ್ಮಪ್ಪ ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಿ ಬಂದ ದುಡ್ಡಲ್ಲೇ ನನ್ನ ಫೀಸ್ ಕಟ್ಟಿದ್ದು. ಹಾಸ್ಟೆಲ್, ಯೂನಿಫಾರ್ಮ್, ತುಮಕೂರಿಗೆ ಬಸ್ ಚಾರ್ಜು ಎಲ್ಲಾ ಕಳೆದ ಮೇಲೆ ಪುಸ್ತಕಕ್ಕೆ ಅಂತ ಏನೂ ಉಳಿದಿರಲಿಲ್ಲ. ಜೊತೆಯವರು ಕೆಲವರು ಬೆಂಗಳೂರಿನ ಅವೆನ್ಯೂ ರೋಡ್‌ಗೆ ಹೋಗಿ ಸೆಕೆಂಡ್ ಹ್ಯಾಂಡ್ ತಂದರು. ನನಗೆ ಸೀನಿಯರ್ ಅಕ್ಕ ಒಬ್ಬರು ತಮ್ಮದನ್ನೇ ಕೊಟ್ಟರು.

ಮೂಳೆ ಆಗಲೂ 206, ಈಗಲೂ 206. ಹೃದಯಕ್ಕೆ ನಾಲ್ಕೇ ಕೋಣೆ. ಅನಾಟಮಿಗೆ ಹೊಸ ಎಡಿಷನ್ನೇ ಬೇಕು ಅಂದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ವಿಷಯ, ಹೊಸ ಪುಸ್ತಕದಲ್ಲಿ ಆ ಅಕ್ಕನ ಪೆನ್ಸಿಲ್ ಬರಹ ಸಿಗುತ್ತಿತ್ತಾ? ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ ಓದಿದ ನನಗೆ ಅವರು ಇಂಗ್ಲಿಷ್ ಪದಗಳ ಮೇಲೆ ಸಣ್ಣಗೆ ಬರೆದಿದ್ದ ಕನ್ನಡ ಅರ್ಥಗಳೇ ಮೊದಲ ವರ್ಷ ಕೈ ಹಿಡಿದಿದ್ದು. ಅಂಚಿನಲ್ಲಿ ಡ್ರಿಪ್ ಲೆಕ್ಕವೂ ಇತ್ತು: 500 ಎಂಎಲ್, ನಾಲ್ಕು ಗಂಟೆ, ಸೆಟ್‌ನಲ್ಲಿ ಎಂಎಲ್‌ಗೆ 20 ಹನಿ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಇವತ್ತಿಗೂ ಡ್ರಿಪ್ ಹಾಕುವಾಗ ಆ ಪುಟ ಕಣ್ಣ ಮುಂದೆ ಬರುತ್ತದೆ.

ಬದಲಾಗುವುದು ಇಲ್ಲ ಅಂತಲ್ಲ. 2010ರಲ್ಲಿ ಸಿಪಿಆರ್ (ಹೃದಯ ನಿಂತವರಿಗೆ ಮಾಡುವ ತುರ್ತು ಚಿಕಿತ್ಸೆ) ಕ್ರಮ ಬದಲಾಗಿ, ಎದೆ ಒತ್ತುವುದು ಮೊದಲು, ಉಸಿರು ಕೊಡುವುದು ಆಮೇಲೆ ಅಂತಾಯಿತು. ನಮ್ಮ ಮೇಡಂ ಕ್ಲಾಸಲ್ಲಿ ಹೇಳಿದರು, ನಾನು ಹಳೇ ಪುಟದ ಮೇಲೆ ಕೆಂಪು ಗೆರೆ ಎಳೆದು ಹೊಸದನ್ನು ಬರೆದುಕೊಂಡೆ. ಅಷ್ಟೇ.

ವಿರೋಧ

ಕೆಂಪು ಗೆರೆ ಎಳೆಯೋಕೆ ಯಾರಾದರೂ ಹೇಳಬೇಕಲ್ವಾ? ಹೇಳದೆ ಬಿಟ್ಟ ಪುಟ ಏನಾಗುತ್ತದೆ ಅಂತ ನಾನು ಗುಬ್ಬಿ ಕಡೆಯ ಒಂದು ಹಳ್ಳಿಯಲ್ಲಿ ನೋಡಿದ್ದೇನೆ.

ವಿದ್ಯಾರ್ಥಿಗಳನ್ನು ಮನೆ ಭೇಟಿಗೆ ಕರೆದುಕೊಂಡು ಹೋಗಿದ್ದೆ. ಟಿಬಿ ಮಾತ್ರೆ ತಗೊಳ್ಳುತ್ತಿದ್ದ ಒಬ್ಬರ ಮನೆ. ನಮ್ಮ ಹುಡುಗಿ, ಜಾಣೆ, ಚೆನ್ನಾಗಿ ಓದಿಕೊಂಡು ಬಂದಿದ್ದಳು. ವಾರಕ್ಕೆ ಮೂರು ದಿನ ಮಾತ್ರೆ ನುಂಗಬೇಕು ಅಂತ ಧೈರ್ಯವಾಗಿ ಹೇಳಿದಳು. ಮನೆಯಾಕೆ ಗಾಬರಿಯಾಗಿ ನನ್ನ ಮುಖ ನೋಡಿದರು. "ದಿನಾ ಬೇಡ್ವಾ ಸಿಸ್ಟರ್?" ಅಂದರು. ಹುಡುಗಿಯ ಪುಸ್ತಕದಲ್ಲಿ ಇದ್ದದ್ದು ಹಳೇ ಪದ್ಧತಿ. 2017ರಲ್ಲೇ ದಿನಾ ನುಂಗುವ ಕ್ರಮ ಬಂದಿದೆ. ದಿನಾ ಬೇಕೇ ಬೇಕು, ಒಂದು ದಿನವೂ ಬಿಡಬೇಡಿ ಅಂತ ಅಲ್ಲೇ ಕೂತು ಹೇಳಿ ಬಂದೆ. ನಾನು ಆ ದಿನ ಜೊತೆಗೆ ಇಲ್ಲದಿದ್ದರೆ?

ಅವಳ ತಪ್ಪಲ್ಲ. ಯಾವ ಪುಟ ಹಳತಾಗಿದೆ ಅಂತ ತಿಳಿಯಬೇಕಾದರೆ ಮೊದಲು ಹೊಸದು ಗೊತ್ತಿರಬೇಕು, ಓದೋಕೆ ಈಗಷ್ಟೇ ಶುರು ಮಾಡಿದವರಿಗೆ ಅದು ಹೇಗೆ ಗೊತ್ತಾಗಬೇಕು? ಅಚ್ಚಾಗಿದ್ದೆಲ್ಲ ನಿಜ ಅಂತಲೇ ನಂಬುತ್ತಾರೆ.

ವಾರ್ಡಲ್ಲೂ ಹಾಗೇ. ಆಸ್ಪತ್ರೆ ಕಸದ ನಿಯಮ 2016ರಲ್ಲಿ ಬದಲಾಯಿತು. ಈಗ ಕಸ ಬೇರ್ಪಡಿಸೋಕೆ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳು. ಒಡೆದ ಆಂಪ್ಯೂಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಗಾಜಿನ ಸೀಸೆ) ಕೈಯಲ್ಲಿ ಹಿಡಿದುಕೊಂಡು ಯಾವುದಕ್ಕೆ ಹಾಕಲಿ ಅಂತ ನಿಂತವರನ್ನು ನೋಡಿದ್ದೇನೆ. ಗಾಜು ನೀಲಿಗೆ ಹೋಗಬೇಕು. ಬಿಎಸ್‌ಸಿ ಸಿಲಬಸ್ಸೇ 2021ರಲ್ಲಿ ಬದಲಾಗಿ ಸೆಮಿಸ್ಟರ್ ಬಂದಿದೆ.

ದುಡ್ಡಿನ ಕಷ್ಟ ನನಗೂ ಗೊತ್ತು, ನಾನೂ ಸಾಲದಲ್ಲೇ ಓದಿದವಳು. ಅನಾಟಮಿ ಹಳೇದೇ ಇರಲಿ. ಕಮ್ಯುನಿಟಿ ಹೆಲ್ತ್, ಔಷಧಿಗಳ ಬಗ್ಗೆ ಹೇಳುವ ಫಾರ್ಮಕಾಲಜಿಯ ಹೊಸ ಪ್ರತಿಗಳನ್ನು ಮಾತ್ರ ಕಾಲೇಜು ಲೈಬ್ರರಿಯಲ್ಲಿ ಜಾಸ್ತಿ ಇಡಿ, ರಾತ್ರಿ ಹಾಸ್ಟೆಲ್‌ಗೆ ತಗೊಂಡು ಹೋಗೋಕೆ ಬಿಡಿ. ಬೀರುವಿನೊಳಗೆ ಬೀಗ ಹಾಕಿ ಇಡಬೇಡಿ.