ಇಂಕ್ ಪೆನ್ನಿನ ಮುಯ್ಯಿ

ನನ್ನ ಮೇಜಿನ ಡ್ರಾಯರಿನಲ್ಲಿ 23 ಇಂಕ್ ಪೆನ್ನುಗಳಿವೆ. ಎರಡು ಬಿಟ್ಟು ಉಳಿದವೆಲ್ಲ ಪರವೂರಿನಲ್ಲಿ ಕೊಂಡವು. ಮೈಸೂರಿನಲ್ಲಿ ದಿನಾ ಸ್ಟೇಷನರಿ ಅಂಗಡಿಗಳ ಮುಂದೆಯೇ ಓಡಾಡುತ್ತೇನೆ, ಒಳಗೆ ಹೋಗಬೇಕು ಅನ್ನಿಸುವುದಿಲ್ಲ. ಬೇರೆ ಊರಿನ ನೆಲಕ್ಕೆ ಕಾಲಿಟ್ಟರೆ ಮಾತ್ರ ಏನೋ ಆಗುತ್ತದೆ. ಇಲ್ಲೆಲ್ಲೋ ಹಳೇ ಪೇಟೆಯಲ್ಲಿ ಒಂದು ಅಂಗಡಿ, ಅದರ ಮೂಲೆಯಲ್ಲೊಂದು ಗಾಜಿನ ಪೆಟ್ಟಿಗೆ, ಅದರೊಳಗೆ ಇಪ್ಪತ್ತು ವರ್ಷದಿಂದ ಯಾರೂ ಕೇಳದ ಒಂದು ಪೆನ್ನು ನಾನು ಬರಲಿ ಅಂತಲೇ ಕಾದು ಕೂತಿದೆ ಎಂದು ಮನಸ್ಸು ಹೇಳತೊಡಗುತ್ತದೆ. ರಾಜಮಹೇಂದ್ರಿಗೆ ಗೋದಾವರಿ ಸ್ನಾನಕ್ಕೆಂದು ಹೋದಾಗಲೂ ಹಾಗೇ ಆಯಿತು. ಗಾಂಧೀಜಿಗೆ ಸ್ವದೇಶಿ ಪೆನ್ನು ಮಾಡಿಕೊಟ್ಟ ರತ್ನಂ ಅವರ ಊರು ಅದು. ಸ್ನಾನ ಹೆಂಡತಿ ಮಾಡಿದಳು.

"ಬೇರೆಯವರು ಊರಿಗೆ ಹೋದರೆ ಸೀರೆ ತರ್ತಾರೆ, ಹಪ್ಪಳ ಸಂಡಿಗೆ ತರ್ತಾರೆ. ಇವರು ಬರೆಯದ ಪೆನ್ನು ತರ್ತಾರೆ" ಎನ್ನುತ್ತಾಳೆ ಅವಳು. 'ಬರೆಯದ' ಅಂದದ್ದು ಪೆನ್ನಿಗೋ ನನಗೋ ಎಂದು ಇದುವರೆಗೆ ಕೇಳಿಲ್ಲ. ಕೇಳಿದರೆ ಇಬ್ಬರಿಗೂ ಅನ್ನುತ್ತಾಳೆ.

ಅವಳ ಮಾತು ಸುಳ್ಳಲ್ಲ. ಇಂಕ್ ಪೆನ್ನಿನಿಂದ ನಾನು ಬರೆದದ್ದೆಲ್ಲ ಅಂಗಡಿಗಳ ರಫ್ ಚೀಟಿಯಲ್ಲೇ ಇದೆ. ಪೆನ್ನು ಪರೀಕ್ಷೆ ಮಾಡಲು ಕೊಡುತ್ತಾರಲ್ಲ, ಆ ಚೀಟಿ. ಅದರ ಮೇಲೆ ಎಲ್ಲರೂ ಸಹಿ ಹಾಕುತ್ತಾರೆ, ಇಲ್ಲವೇ 'ಶ್ರೀ' ಬರೆದು ಬಿಡುತ್ತಾರೆ. ನಾನು ಮಾತ್ರ ಆ ಊರಿನ ಹೆಸರು ಬರೆಯುತ್ತೇನೆ. ಈ ವಿಷಯದಲ್ಲಿ ಚಿತ್ರದುರ್ಗ, ದಾವಣಗೆರೆ ಎರಡೂ ಬಹಳ ಅನುಕೂಲದ ಊರುಗಳು. 'ಚಿತ್ರದುರ್ಗ'ದಲ್ಲಿ ಒತ್ತಕ್ಷರವೂ ಇದೆ, ಅರ್ಕಾವೊತ್ತೂ ಇದೆ. 'ದಾವಣಗೆರೆ'ಯಲ್ಲಿ 'ಣ' ಇದೆ. ಕನ್ನಡದ ಅಕ್ಷರಗಳಲ್ಲಿ ನಿಬ್ಬಿನ ಹಣೆಬರಹ ಹೇಳುವುದು 'ಣ'. ಸುತ್ತಿ, ಒಳಗೆ ಹೋಗಿ, ತಿರುಗಿ ಹೊರಗೆ ಬರಬೇಕು. ಕೆಟ್ಟ ನಿಬ್ಬಾದರೆ ತಿರುವಿನಲ್ಲಿ ಕಾಗದ ಕೆರೆದು ಅಲ್ಲೇ ನಿಲ್ಲುತ್ತದೆ. ಒಳ್ಳೇ ನಿಬ್ಬು ಎಣ್ಣೆ ಹಚ್ಚಿದ ಹಾಗೆ ಜಾರಿ ಹೋಗುತ್ತದೆ.

2016ರ ಮೇ ತಿಂಗಳು. ನನ್ನ ಹೆಂಡತಿಯ ಅಣ್ಣನ ಮಗಳ ಮದುವೆ ದಾವಣಗೆರೆಯಲ್ಲಿ. ಎರಡು ದಿನ ಮೊದಲೇ ಕಾರಿನಲ್ಲಿ ಹೊರಟೆವು. ಚಿತ್ರದುರ್ಗದಲ್ಲಿ ಇಳಿದು ಮಗನಿಗೆ ಕೋಟೆ ತೋರಿಸುವುದೆಂದು ಮಾತಾಗಿತ್ತು. ಕೋಟೆ ಬಾಗಿಲಿಗೆ ಬಂದಾಗ ನನಗೆ ಮಂಡಿನೋವು ಬಂತು. ಅವರಿಬ್ಬರೂ ಒಳಗೆ ಹೋದಮೇಲೆ ಹೋಯಿತು. ಅವರು ಓಬವ್ವನ ಕಿಂಡಿ ಹುಡುಕುವ ಹೊತ್ತಿಗೆ ನಾನು ಲಕ್ಷ್ಮೀ ಬಜಾರಿನಲ್ಲಿ ಸ್ಟೇಷನರಿ ಅಂಗಡಿ ಹುಡುಕುತ್ತಿದ್ದೆ.

ಸಿಕ್ಕಿತು. ಕೆಂಪು ಮೈ, ಬಿಳಿ ನಿಬ್ಬು, ಕತ್ತು ತಿರುಪಿ ಬಿಚ್ಚಿ ಡ್ರಾಪರಿನಲ್ಲಿ ಹನಿಹನಿಯಾಗಿ ಇಂಕು ಹಾಕುವ ಹಳೇ ಮಾದರಿ. ನಲವತ್ತು ರೂಪಾಯಿ. 'ಚಿತ್ರದುರ್ಗ' ಎಂದು ಬರೆದು ನೋಡಿದೆ. ಅರ್ಕಾವೊತ್ತು ಜಿಂಕೆಯ ಬಾಲದ ಹಾಗೆ ಬಂತು. ಅಂಗಡಿಯವರು ಬ್ಲೂ ಬ್ಲ್ಯಾಕ್ ಇಂಕು ಹಾಕಿಕೊಡುತ್ತಾ, "ಪೂರ್ತಿ ತುಂಬಿಸ್ತೀನಿ ಅಣ್ಣ" ಅಂದರು. "ಬೇಡ, ಅರ್ಧ ಸಾಕು, ಸುಮ್ಮನೆ ಯಾಕೆ ವೇಸ್ಟು" ಅಂದೆ. "ಅರ್ಧ ತುಂಬಿಸಿದ್ರೆ ಕಕ್ತೈತೆ" ಅಂದರು. ನಾನು ಇಪ್ಪತ್ತು ಪೆನ್ನು ಕಂಡವನು, ನಕ್ಕೆ.

ಪೆನ್ನಿನ ಹೊಟ್ಟೆಯಲ್ಲಿ ಇಂಕು ಕಡಿಮೆಯಾದಷ್ಟೂ ಗಾಳಿ ಹೆಚ್ಚು. ಮೈಯ ಬಿಸಿ ತಾಗಿದರೆ ಆ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿಗೆ ಹೊರಗೆ ಹೋಗಲು ನಿಬ್ಬಿನ ದಾರಿ ಒಂದೇ. ಪೆನ್ನು ಜೇಬಿನಲ್ಲಿ ನೆಟ್ಟಗೆ ನಿಂತಿದ್ದರೆ ಗಾಳಿ ಮೇಲಿರುತ್ತದೆ, ಅದರಷ್ಟಕ್ಕೆ ಅದು ಹೋಗುತ್ತದೆ. ಮಲಗಿದರೆ ಇಂಕು ಬಾಯಿಗೆ ಬರುತ್ತದೆ, ಗಾಳಿ ಅದನ್ನು ಹೊರಗೆ ನೂಕುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಚಿತ್ರದುರ್ಗದಿಂದ ದಾವಣಗೆರೆಗೆ ಅರವತ್ತು ಕಿಲೋಮೀಟರು, ಮೇ ತಿಂಗಳ ಮಧ್ಯಾಹ್ನ, ದಾರಿಯುದ್ದಕ್ಕೂ ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಜೋಗುಳ ಹಾಡುವವರ ಹಾಗೆ ಕೈ ತಿರುಗಿಸುತ್ತಿದ್ದವು. ಸೀಟು ಹಿಂದಕ್ಕೆ ಮಾಡಿ ಮಲಗಿದೆ. ಪೆನ್ನೂ ನನ್ನ ಜೊತೆ ಮಲಗಿತು.

ಮಾವನ ಮನೆಯ ಚಪ್ಪರದ ಕೆಳಗೆ ಇಳಿದಾಗ ಅತ್ತೆ ಆರತಿ ತಟ್ಟೆ ಹಿಡಿದು ಬಂದವರು ಅಲ್ಲೇ ನಿಂತುಬಿಟ್ಟರು. "ಅಯ್ಯೋ ಅಳಿಯಂದ್ರೇ, ಎದೀಗೆ ಏನಾತು?"

ಹೊಸ ಬಿಳಿ ಅಂಗಿಯ ಎಡಗಡೆ ಅಂಗೈ ಅಗಲದ ಕಲೆ. ಆಮೇಲಿನ ಅರ್ಧ ಗಂಟೆ ಮದುವೆಮನೆ ಮದುವೆಯನ್ನೇ ಮರೆಯಿತು. ಹಾಲು ಹಾಕಿ ಅಂದರು ಒಬ್ಬರು. ನಿಂಬೆಹಣ್ಣು, ಉಪ್ಪು ಅಂದರು ಇನ್ನೊಬ್ಬರು. ಹುಳಿಮಜ್ಜಿಗೆ, ಟೂತ್‌ಪೇಸ್ಟು, ಕೊನೆಗೆ ನೈಲ್ ಪಾಲಿಶ್ ತೆಗೆಯುವ ದ್ರವ. ಎಲ್ಲವನ್ನೂ ಹಾಕಿದರು. ಅಂಗಿಯ ವಾಸನೆ ಬದಲಾಯಿತು, ಕಲೆ ಬದಲಾಗಲಿಲ್ಲ. ಅದನ್ನು ಉಜ್ಜಿ ಉಜ್ಜಿ ನನ್ನ ಎಡಗೈ ತೋರುಬೆರಳು ಕಪ್ಪಾಯಿತು. ಬಂದ ನೆಂಟರಲ್ಲಿ ಇಬ್ಬರು ಅದನ್ನು ನೋಡಿ, "ನಿಮ್ ಕಡೆ ಎಲೆಕ್ಷನ್ ಇತ್ತೇನ್ರಿ?" ಎಂದು ಕೇಳಿದರು. ಮೈಸೂರಿನವನೆಂದರೆ ಈ ಅನುಮಾನ ಸಹಜವೇ. ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ನಮ್ಮೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ, 1962ರಿಂದ. ಮೂರನೆಯವರು ಕೇಳಿದಾಗ ಹೌದು, ಇತ್ತು ಎಂದುಬಿಟ್ಟೆ. ಯಾರು ಗೆದ್ದರು ಎಂದು ಕೇಳಿದರು.

ಮಾರನೆಯ ದಿನ ಬೆಳಿಗ್ಗೆ ಭಾವ ಒಂದು ಪಟ್ಟಿ ಕೊಟ್ಟರು. ಅರಿಶಿನದ ದಾರ, ಕರ್ಪೂರ, ಪೇಪರ್ ಲೋಟ, ಕಡೆಗೆ 'ಮುಯ್ಯಿ ಬರಿಯಾಕೆ ಒಂದು ಬುಕ್ಕು'. ಈ ಕೊನೆಯ ಸಾಲನ್ನು ಓದಿದಾಗ ಎದೆ ಜಿಗಿಯಿತು. ಬುಕ್ಕು ಎಂದರೆ ಸ್ಟೇಷನರಿ ಅಂಗಡಿ. ಅಧಿಕೃತವಾಗಿ, ಯಾರ ಕಣ್ಣಿಗೂ ಮಣ್ಣೆರಚದೆ ಹೋಗಬಹುದು.

ಹೊಟ್ಟೆಗೊಂದು ಬೆಣ್ಣೆದೋಸೆ ಹಾಕಿಕೊಂಡು ಹೊರಟೆ. (ಎರಡು.) ಅಶೋಕ ರಸ್ತೆಯ ರೈಲ್ವೆ ಗೇಟು ಹಾಕಿತ್ತು. ಆ ಗೇಟಿನ ಮುಂದೆ ನಿಂತು ದಾವಣಗೆರೆಯವರು ಕಲಿತ ತಾಳ್ಮೆಯ ಮೇಲೆ ಯಾರಾದರೂ ಪ್ರಬಂಧ ಬರೆಯಬೇಕು. ರೈಲು ಹೋಯಿತು, ಗೇಟು ಏಳಲಿಲ್ಲ. ಇನ್ನೊಂದು ರೈಲು ಹೋಯಿತು. ಕೊನೆಗೂ ಮಂಡಿಪೇಟೆ ಮುಟ್ಟಿದೆ.

ಅಂಗಡಿಯ ಯಜಮಾನರಿಗೆ ಎಪ್ಪತ್ತರ ಮೇಲಿರಬೇಕು. ಸುತ್ತ ಕೆಂಪು ಬಟ್ಟೆಯ ಬೈಂಡಿನ ಕಿರ್ದಿ, ಖಾತೆ ಪುಸ್ತಕಗಳು.

"ಇಂಕ್ ಪೆನ್ ಇದೆಯಾ?"

ಕನ್ನಡಕ ಮೇಲೆತ್ತಿ ನೋಡಿದರು. "ಮೇಷ್ಟ್ರೇನ್ರಿ?"

"ಅಲ್ಲ."

"ಹಸಿರು ಇಂಕಿನ ಸಹಿ ಮಾಡೋ ಸಾಹೇಬ್ರಾ?"

"ಅಲ್ಲ."

"ಮತ್ತೆ ಯಾಕ್ರಿ?"

ಈ ಪ್ರಶ್ನೆಗೆ ಉತ್ತರ ನನ್ನ ಬಳಿ ಆಗಲೂ ಇರಲಿಲ್ಲ. ಅವರೇ ಕರುಣೆಯಿಂದ ಮಾತು ಮುಂದುವರಿಸಿದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದಾಗ, ಹತ್ತಿ ಮಿಲ್ಲುಗಳ ಗುಮಾಸ್ತರು ಇಂಕಿನ ಬಾಟಲಿಯನ್ನು ಡಜನ್ ಲೆಕ್ಕದಲ್ಲಿ ಒಯ್ಯುತ್ತಿದ್ದರಂತೆ. ಮಿಲ್ಲು ಮುಚ್ಚಿದವು, ಬಾಲ್ ಪೆನ್ನು ಬಂತು, ಕಂಪ್ಯೂಟರ್ ಬಂತು. ಈಗ ದೀಪಾವಳಿಗೆ ಮಂಡಿಯವರು ಒಂದು ಕಿರ್ದಿ ಪುಸ್ತಕ ಒಯ್ದು ಪೂಜೆ ಮಾಡಿ, 'ಶ್ರೀ' ಬರೆದು, ಒಳಗಿಟ್ಟು, ಲೆಕ್ಕವನ್ನು ಕಂಪ್ಯೂಟರಿನಲ್ಲೇ ಬರೆಯುತ್ತಾರಂತೆ. ಪೂಜೆಗಷ್ಟೇ ಕೊಳ್ಳುವ ಪುಸ್ತಕ! ನನ್ನ 21 ಪೆನ್ನುಗಳು ನೆನಪಾಗಿ, ಈ ಊರಿನ ಮೇಲೆ ಪ್ರೀತಿ ಉಕ್ಕಿತು.

ಏಣಿ ಹತ್ತಿ ಮೇಲಿನ ಅಟ್ಟದಿಂದ ಒಂದು ರಟ್ಟಿನ ಡಬ್ಬಿ ಇಳಿಸಿದರು. ಅದರೊಳಗೆ ಹೀರೋ ಪೆನ್ನುಗಳು. ಚಿನ್ನದ ಬಣ್ಣದ ಮುಚ್ಚಳ, ಬಾಣದ ಆಕಾರದ ಕ್ಲಿಪ್ಪು, ಆಮೆ ತಲೆ ಚೂರೇ ಚೂರು ಹೊರಗೆ ಹಾಕಿದಂತೆ ನಿಬ್ಬು. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ದೊಡ್ಡಪ್ಪ ಕೊಟ್ಟದ್ದು ಇಂಥದ್ದೇ. ಅದನ್ನು ಕಾಲೇಜಿನ ಮೊದಲ ವಾರವೇ ಯಾರೋ 'ಒಂದ್ನಿಮಿಷ ಕೊಡೋ' ಎಂದು ತೆಗೆದುಕೊಂಡು ಹೋದರು. ಆ ನಿಮಿಷ ಇನ್ನೂ ಮುಗಿದಿಲ್ಲ.

"ಅದ್ದಿ ನೋಡ್ರಿ" ಎಂದು ಇಂಕಿನ ಬಾಟಲಿ ಮುಂದಿಟ್ಟರು. ರಫ್ ಚೀಟಿಯ ಮೇಲೆ 'ದಾವಣಗೆರೆ' ಎಂದು ಬರೆದೆ. 'ದಾವ' ಬಂತು. 'ಣ' ಅರ್ಧ ಬಂದು ಮಾಯವಾಯಿತು. 'ಗೆರೆ' ಬರಲೇ ಇಲ್ಲ. ಮತ್ತೆ ಬರೆದೆ, ಮತ್ತೆ ಹಾಗೇ. ಇನ್ನೊಂದು ಪೆನ್ನು ತೆಗೆದುಕೊಂಡೆ, ಅದೂ ಹಾಗೇ. "ನಿಬ್ಬು ಒಣಗಿ ಹೋಗಿದೆ, ಫೀಡ್‌ನಲ್ಲಿ ಹಳೇ ಇಂಕು ಕಟ್ಟಿಕೊಂಡಿರಬೇಕು, ಉಗುರು ಬೆಚ್ಚಗಿನ ನೀರಲ್ಲಿ ನೆನೆಸಬೇಕು" ಎಂದು ತಜ್ಞನಂತೆ ಹೇಳಿದೆ.

ಯಜಮಾನರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕಾಗದದ ಮೇಲೆ ನನ್ನ ಅಂಗೈಯ ಅಚ್ಚು ಕಿಟಕಿ ಗಾಜಿನ ಹಾಗೆ ಹೊಳೆಯುತ್ತಿತ್ತು. "ಪೆನ್ನಿಂದಲ್ರೀ, ಕೈದು. ಬೆಣ್ಣೆದೋಸಿ ತಿಂದು ಕೈ ತೊಳೀಲಿಲ್ಲೇನು?" ಎಂದು ಹಳೇ ಪೇಪರಿನ ಚೂರೊಂದನ್ನು ಒರೆಸಿಕೊಳ್ಳಲು ಕೊಟ್ಟರು. ಕೈ ತೊಳೆದಿದ್ದೆ. ದಾವಣಗೆರೆಯ ಬೆಣ್ಣೆ ಒಂದು ತೊಳೆತಕ್ಕೆ ಬಿಡುವಂಥದ್ದಲ್ಲ.

ಕೈ ಒರೆಸಿ ಹೊಸ ಚೀಟಿಯ ಮೇಲೆ ಬರೆದಾಗ ಬಂದ 'ಣ' ಇದೆಯಲ್ಲ, ಅದನ್ನು ಹರಿದುಕೊಂಡು ಬರಬೇಕೆನಿಸಿತ್ತು. ಪೆನ್ನು ಕೊಂಡೆ, ಜೊತೆಗೆ ರಾಯಲ್ ಬ್ಲೂ ಇಂಕಿನ ಬಾಟಲಿ. "ಇದು ಬಟ್ಟೆ ಮೇಲೆ ಬಿದ್ರೆ ನೀರಾಗೇ ಹೋಕ್ಕತಿ" ಎಂದು ಅವರು ಹೇಳಿದ್ದೇ ಕಾರಣ. ಮಕ್ಕಳ ಯೂನಿಫಾರ್ಮಿನಿಂದ ಒಗೆದರೆ ಹೋಗಲೆಂದೇ ಮಾಡಿದ ಇಂಕು. ಆಮೇಲೆ ಮುಯ್ಯಿಗೆ ಬುಕ್ಕು. ಅವರು ದಪ್ಪ ಕಾಗದದ ಬೈಂಡ್ ಪುಸ್ತಕ ತೋರಿಸಿದರು. ಭಾವ ಕೊಟ್ಟ ದುಡ್ಡಿನಲ್ಲಿ ಇಂಕಿನ ಬಾಟಲಿಯೂ ಹೊಂದಬೇಕಿತ್ತಾದ್ದರಿಂದ ನೂರು ಪುಟದ ತೆಳ್ಳನೆ ನೋಟ್‌ಬುಕ್ಕಿಗೆ ಇಳಿದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಮದುವೆಯ ದಿನ ಹೆಂಡತಿ ಎದೆಯ ಮೇಲೆ ಜೇಬಿಲ್ಲದ ಜುಬ್ಬಾ ಕೊಟ್ಟಳು. ಪೆನ್ನನ್ನು ಪಕ್ಕದ ಜೇಬಿನಲ್ಲಿಟ್ಟುಕೊಂಡೆ. ಮುಹೂರ್ತವಾಯಿತು, ಅಕ್ಷತೆ ಬಿತ್ತು, ಜನ ಮುಯ್ಯಿ ಮೇಜಿನ ಮುಂದೆ ಸಾಲುಗಟ್ಟಿದರು. ಬರೆಯಲು ಕೂತಿದ್ದ ಹಿರಿಯರ ಬಾಲ್ ಪೆನ್ನು ನಾಲ್ಕನೇ ಹೆಸರಿಗೇ ನಿಂತಿತು. ಅವರು ಅದನ್ನು ಉಜ್ಜಿದರು, ಊದಿದರು, ಕೊನೆಗೆ ಊಟಕ್ಕೆ ಎದ್ದರು. ಭಾವ ಸುತ್ತ ನೋಡಿ ಕೂಗಿದರು: "ಭಾವ್ರೇ, ನಿಮ್ ಹತ್ರ ಪೆನ್ ಇರ್ಬೇಕಲ್ಲ!"

ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಆ ಮನೆಗೆ ನನ್ನಿಂದ ಏನಾದರೂ ಬೇಕಾದದ್ದು ಅದೇ ಮೊದಲು. ಚಿನ್ನದ ಮುಚ್ಚಳ ತೆಗೆದು, ಹಿಂಬದಿಗೆ ಸಿಕ್ಕಿಸಿ, ಕೂತೆ. ಹರಿಹರ, ಹೊನ್ನಾಳಿ, ಜಗಳೂರು, ಹೊಳಲ್ಕೆರೆ, ಅಣಜಿ. ಒಂದೊಂದು ಹೆಸರನ್ನೂ ಗುಂಡಗೆ, ದುಂಡಗೆ ಬರೆದೆ. ಬಲಗಡೆ ಗೆರೆ ಎಳೆದು ಮೊತ್ತ. "ಅಕ್ಷರ ಏನ್ ಛಂದ ಅದಾವ್ರಿ" ಎಂದರು ಒಬ್ಬ ಹಿರಿಯರು. "ಛಂದ ಇರ್ಲಿ, ಬೇಗ ಬರೀರಿ, ಮೊದಲ್ನೇ ಪಂಕ್ತಿ ಹೋಕ್ಕತಿ" ಎಂದರು ಹಿಂದಿನವರು.

ಮೇಜಿನ ಪಕ್ಕದಲ್ಲೇ ಬಂದವರಿಗೆ ಪನ್ನೀರು ಚಿಮುಕಿಸಲು ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳನ್ನು ನಿಲ್ಲಿಸಿದ್ದರು. ಬೆಳಿಗ್ಗೆಯಿಂದ ನಿಂತು ಅವಳಿಗೂ ಬೇಜಾರು. ಬರೆಯುವ ಮಾಮನಿಗೂ ಒಂದಿಷ್ಟು ಇರಲಿ ಎಂದು ಪನ್ನೀರುದಾನಿಯನ್ನು ನನ್ನ ಕಡೆಗೂ ಎರಡು ಸಲ ಜಾಡಿಸಿದಳು.

ಹನಿಗಳು ಬಿದ್ದದ್ದು ಬಲಗಡೆಯ ಸಾಲಿನ ಮೇಲೆ. ಒಗೆದರೆ ಹೋಗುವ ಇಂಕು ಎಂದು ಅಂಗಡಿಯವರು ಹೇಳಿದ್ದು ಅಕ್ಷರಶಃ ನಿಜವಾಯಿತು. 501ರ ಸೊನ್ನೆ ಊದಿಕೊಂಡು ಪಕ್ಕದ ಒಂದನ್ನು ನುಂಗಿತು. 1,001 ಕರಗಿ ಮೋಡವಾಯಿತು. ತೆಳ್ಳನೆ ಕಾಗದ ಸಿಕ್ಕಿದ್ದೇ ಸಾಕೆಂದು ಇಂಕನ್ನು ಹೀರಿ ಹರಡಿತು. ಸ್ಕೂಲಿನಲ್ಲಾದರೆ ಸೀಮೆಸುಣ್ಣದ ಚೂರು ಅದ್ದಿದರೆ ಮುಗಿಯುತ್ತಿತ್ತು. ಇಲ್ಲಿ ಸೀಮೆಸುಣ್ಣ ಎಲ್ಲಿಂದ ತರುವುದು? ಬಾಗಿಲಿನ ರಂಗೋಲಿಯಿಂದ ಒಂದು ಹಿಡಿ ಪುಡಿ ಬಾಚಿ ತಂದು ಸುರಿದೆ. ಅದರಲ್ಲಿ ಅರಿಶಿನ, ಕುಂಕುಮದ ಬಣ್ಣವೂ ಇದ್ದದ್ದು ಸುರಿದಮೇಲೆ ಗೊತ್ತಾಯಿತು.

ಅಂಗಿಯ ಮೇಲೆ ಉಳಿಯಬಾರದ ಇಂಕು ಉಳಿಯಿತು, ಪುಸ್ತಕದಲ್ಲಿ ಉಳಿಯಬೇಕಾದದ್ದು ಹೋಯಿತು.

ಸಂಜೆ ಲೆಕ್ಕಕ್ಕೆ ಕೂತರು. ಹೆಸರುಗಳೆಲ್ಲ ಮುತ್ತಿನಂತೆ ಇದ್ದವು. 11 ಜನರ ಮೊತ್ತ ಇರಲಿಲ್ಲ. ಚೀಲದ ದುಡ್ಡಿನಲ್ಲಿ ಓದಲು ಬಂದದ್ದನ್ನು ಕಳೆದಾಗ ಆ ಹನ್ನೊಂದು ಜನ ಸೇರಿ ಕೊಟ್ಟದ್ದು 8,211 ರೂಪಾಯಿ ಎಂದು ಸಿಕ್ಕಿತು. ಯಾರು ಎಷ್ಟು? ಮುಯ್ಯಿ ಎಂದರೆ ಸಾಲವಿದ್ದಂತೆ. ಅವರ ಮನೆಯ ಕಾರ್ಯಕ್ಕೆ ಅಷ್ಟಾದರೂ ಹಾಕಬೇಕು, ಮೇಲೊಂದಿಷ್ಟು ಸೇರಿಸಿದರೆ ಮರ್ಯಾದೆ. ಕಡಿಮೆ ಹಾಕಿದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಒಂಬತ್ತನೇ ತರಗತಿಯ ನನ್ನ ಮಗ, "ಅಪ್ಪಾ, 11 ಎಕ್ಸು, ಒಂದೇ ಈಕ್ವೇಷನ್ನು. ಬಿಡಿಸೋಕಾಗಲ್ಲ" ಎಂದು ಘೋಷಿಸಿದ. ಅವನು ಗಣಿತದಲ್ಲಿ ಅಷ್ಟು ಖಚಿತವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅತ್ತೆ ಬಿಡಿಸಿದರು. "ಅವ ಜಿಪುಣ, 101ರ ಮ್ಯಾಲೆ ಹೋಗಿರಾಕಿಲ್ಲ. ಇವಂಗೆ ಮಗ ಬೆಂಗಳೂರಾಗೆ ಕೆಲ್ಸಕ್ಕೆ ಸೇರ್ಯಾನ, 1,001 ಬರ್ಕೊ. ಅಕಿ ನಮ್ ಕಡಿಂದ 501 ತಗಂಡಿದ್ಲು, 601 ಕೊಟ್ಟಿರ್ತಾಳ." ಹೀಗೆ ಹತ್ತು ಜನರ ಸ್ವಭಾವದಿಂದ ಹತ್ತು ಮೊತ್ತ ಹೊರಟವು. ಉಳಿದವರು ಅಣಜಿಯ ಒಬ್ಬರು. ಅತ್ತೆಯ ಅಂದಾಜಿನಲ್ಲಿ 301ರ ಆಸಾಮಿ. ಚೀಲದ ಲೆಕ್ಕ ಮಾತ್ರ 3,301 ಅನ್ನುತ್ತಿತ್ತು. ಭಾವ ಆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು, ಬಾಲ್ ಪೆನ್ನಿನಲ್ಲಿ.

ಮೊನ್ನೆ ರಾತ್ರಿ ಭಾವನ ಫೋನು. ಅಣಜಿಯವರ ಮಗಳ ಮದುವೆ ಗೊತ್ತಾಗಿದೆಯಂತೆ. ಹಳೇ ಪುಸ್ತಕ ತೆಗೆದು ಮುಂದಿಟ್ಟುಕೊಂಡು ಕೂತಿದ್ದರು, ಅದರೊಳಗಿನ ರಂಗೋಲಿ ಪುಡಿಗೆ ಸೀನುತ್ತಲೇ ಕೇಳಿದರು: "ಭಾವ್ರೇ, ಬರೆದೋರು ನೀವು. ಸ್ವಲ್ಪ ನೆನಪು ಮಾಡ್ಕೊಳ್ರಿ. ಇದು 301ಓ, 3,301ಓ?"

ಕಣ್ಣು ಮುಚ್ಚಿ ಬಹಳ ಹೊತ್ತು ನೆನಪು ಮಾಡಿಕೊಂಡೆ. ಆ ಪುಟ ಕಣ್ಣ ಮುಂದೆ ಬಂತು, ಆ ಸಾಲೂ ಬಂತು.

"ಮೊತ್ತ ನೆನಪಿಲ್ಲ ಭಾವ" ಅಂದೆ. "ಅಣಜಿಯ 'ಣ' ಮಾತ್ರ ತುಂಬಾ ಚೆನ್ನಾಗಿ ಬಂದಿತ್ತು."